ಪ್ರಕಾಶಕನ ಹೊಗಳಿಕೆ

ಗ್ರಂಥಮಾಲೆಯೊಂದು ಹೊಸ ಕಾದಂಬರಿಗಳನ್ನು ಹೊರತರುವ ದಿನ ಊರಿನಲ್ಲಿ ಒಂದು ಸಣ್ಣ ಉತ್ಸವವೇ ನಡೆಯುತ್ತದೆ. ವೇದಿಕೆಯ ಮೇಲೆ ಗ್ರಂಥಕರ್ತರು ಹಾರ ಹಾಕಿಸಿಕೊಂಡು ಕುಳಿತಿರುತ್ತಾರೆ. ಬಣ್ಣದ ಕಾಗದದಲ್ಲಿ ಸುತ್ತಿದ ಪುಸ್ತಕದ ಕಟ್ಟನ್ನು ಅಧ್ಯಕ್ಷರು ಬಿಚ್ಚುತ್ತಾರೆ, ಮುಖಪುಟವನ್ನು ಸಭೆಯ ಕಡೆಗೆ ತಿರುಗಿಸಿ ಎತ್ತಿ ಹಿಡಿಯುತ್ತಾರೆ, ಚಪ್ಪಾಳೆಯಾಗುತ್ತದೆ. ಆಮೇಲೆ ಪ್ರಕಾಶಕರು ಎದ್ದು ನಿಂತು, ಇಂಥ ಕಾದಂಬರಿ ಇದುವರೆಗೆ ಕನ್ನಡದಲ್ಲಿ ಬಂದಿರಲಿಲ್ಲವೆಂದು ಹೇಳುತ್ತಾರೆ. ಹೋದ ವರ್ಷವೂ ಅವರು ಅದೇ ಮಾತನ್ನು ಬೇರೊಂದು ಕಾದಂಬರಿಯ ವಿಷಯದಲ್ಲಿ ಹೇಳಿದ್ದರು. ಸಭೆಯಲ್ಲಿ ಯಾರೂ ಅದನ್ನು ಸುಳ್ಳೆನ್ನುವುದಿಲ್ಲ. ಯಾರೂ ಅದನ್ನು ನಂಬುವುದೂ ಇಲ್ಲ. ಉಪ್ಪಿಟ್ಟು ಕಾಫಿಯ ವೇಳೆಗೆ ಆ ಮಾತು ಮರೆತುಹೋಗಿರುತ್ತದೆ.

ಸುಳ್ಳೂ ಆಗದೆ ನಿಜವೂ ಆಗದೆ ನಡುವೆ ನಿಂತಿರುವ ಈ ಮಾತಿನ ಸ್ವರೂಪವೇನು? ಅದನ್ನು ಆಡುವುದು ಸರಿಯೆ? ಇದು ಶಿಷ್ಟಾಚಾರ, ಇದನ್ನು ಕೆದಕಬಾರದು ಎಂದು ಕೆಲವರು ಹೇಳಿಯಾರು. ಮದುವೆಯ ಮಾತುಕತೆಯಲ್ಲಿ ಹುಡುಗನ ತಂದೆ ಮಗನ ಗುಣವನ್ನು ವರ್ಣಿಸುತ್ತಾನೆ. ಹೆಣ್ಣಿನ ಕಡೆಯವರು ತಲೆದೂಗಿ ಕೇಳುತ್ತಾರೆ. ಮರುದಿನ, ಹುಡುಗನು ಕೆಲಸದಲ್ಲಿರುವ ಊರಿನ ನಂಟರೊಬ್ಬರನ್ನು ಗುಟ್ಟಾಗಿ ವಿಚಾರಿಸುತ್ತಾರೆ. ಇದರಿಂದ ತಂದೆಗೆ ಅವಮಾನವಿಲ್ಲ, ಹೆಣ್ಣಿನವರಿಗೆ ಮೋಸವಿಲ್ಲ. ಪ್ರಕಾಶಕನ ಮಾತೂ ಹಾಗೆಯೇ ಎಂದುಕೊಂಡರಾಯಿತಲ್ಲ!

ಹಾಗೆಂದುಕೊಳ್ಳುವುದು ಸುಲಭವಲ್ಲ. ಹೆಣ್ಣಿನ ಕಡೆಯವರಿಗೆ ವಿಚಾರಿಸಲು ನಂಟರಿದ್ದಾರೆ. ಓದುಗನಿಗೆ ಅಂಥ ನಂಟನು ಅನೇಕ ವೇಳೆ ಇಲ್ಲ. ತಾಲ್ಲೂಕಿನ ಊರೊಂದರಲ್ಲಿರುವ ಉಪಾಧ್ಯಾಯರ ಮನೆಯಲ್ಲಿ ತಿಂಗಳಿಗೊಂದು ಪುಸ್ತಕ ಕೊಳ್ಳುವುದೇ ಹೆಚ್ಚಿನ ಮಾತು. ಮುಖಪುಟದ ಚಿತ್ರ, ಹಿಂಬದಿಯ ನಾಲ್ಕು ಸಾಲು, ಇವೆರಡನ್ನು ನೋಡಿಯೇ ಅವರು ತೀರ್ಮಾನಿಸಬೇಕು. ಎರಡು ಸಲ ಮೋಸಹೋದ ಮನೆಯಲ್ಲಿ ಮೂರನೆಯ ಸಲ ಪುಸ್ತಕವನ್ನು ಕೊಳ್ಳುವುದಿಲ್ಲ. ಆ ಮೂರನೆಯ ಪುಸ್ತಕ ನಿಜವಾಗಿಯೂ ಒಳ್ಳೆಯದಾಗಿದ್ದರೆ, ಅದನ್ನು ಬರೆದವನು ಮೊದಲಿನ ಇಬ್ಬರ ಹೊಗಳಿಕೆಯ ಸಾಲವನ್ನು ತೀರಿಸಬೇಕಾಗುತ್ತದೆ. ಆದಕಾರಣ ಇದನ್ನು ಬರಿಯ ಉಪಚಾರವೆಂದು ಬಿಟ್ಟುಬಿಡುವಂತಿಲ್ಲ.

ನಮ್ಮ ಹಿಂದಿನವರು ಹೊಗಳಿಕೆಯ ವಿಷಯದಲ್ಲಿ ಬಹು ಎಚ್ಚರಿಕೆಯುಳ್ಳವರಾಗಿದ್ದರು. ಕರ್ಣಪರ್ವದ ಒಂದು ಪ್ರಸಂಗವನ್ನು ಎಲ್ಲರೂ ಬಲ್ಲರು. ಗಾಂಡೀವವನ್ನು ಹಳಿದವನನ್ನು ಕೊಲ್ಲುವೆನೆಂಬುದು ಅರ್ಜುನನ ಪ್ರತಿಜ್ಞೆ. ಹಳಿದವನು ಧರ್ಮರಾಯನೇ ಆಗಿಬಿಟ್ಟ. ಹಿರಿಯನನ್ನು ಹೀನಾಯವಾಗಿ ಮಾತನಾಡಿಸಿದರೆ ಅದೇ ಆತನನ್ನು ಕೊಂದಂತೆ ಎಂದು ಕೃಷ್ಣನು ಉಪಾಯ ಹೇಳಿದ. ಅರ್ಜುನನು ಹಾಗೆ ಮಾಡಿ, ಆಮೇಲೆ ಆ ಪಾಪಕ್ಕಾಗಿ ತನ್ನನ್ನೇ ಕೊಂದುಕೊಳ್ಳಲು ಕತ್ತಿ ಹಿರಿದ. ಆಗ ಕೃಷ್ಣನು ಹೇಳಿದ ಎರಡನೆಯ ಉಪಾಯ: ನಿನ್ನನ್ನು ನೀನೇ ಹೊಗಳಿಕೋ, ಅದು ಸಾವಿಗೆ ಸಮಾನ. ಈ ಕಥೆಯಲ್ಲಿ ಹಾಸ್ಯವೂ ಇದೆ, ಕಠೋರತೆಯೂ ಇದೆ. ಆತ್ಮಪ್ರಶಂಸೆಯನ್ನು ಬರಿಯ ಕೆಟ್ಟ ನಡತೆಯೆನ್ನದೆ, ಮನುಷ್ಯನು ತನ್ನ ಬೆಲೆಯನ್ನು ತಾನೇ ಕೊಂದುಕೊಳ್ಳುವ ಕೆಲಸವೆಂದು ಎಣಿಸಿದ್ದಾರೆ.

ಪ್ರಕಾಶಕನು ಮಾಡುವುದು ಆತ್ಮಪ್ರಶಂಸೆಯೋ, ಪರಪ್ರಶಂಸೆಯೋ? ತೊಡಕಿರುವುದು ಇಲ್ಲಿ. ಪುಸ್ತಕ ಬರೆದವನು ಬೇರೆ. ಅವನನ್ನು ಹೊಗಳುವುದು ಇನ್ನೊಬ್ಬನ ಗುಣವನ್ನು ಕಂಡು ಹಿಗ್ಗುವುದು, ಅದು ಸಜ್ಜನರ ಲಕ್ಷಣ. ಆದರೆ ಹೊಗಳಿದ್ದರಿಂದ ಬರುವ ಹಣ ಹೊಗಳಿದವನ ಪೆಟ್ಟಿಗೆಗೂ ಸೇರುತ್ತದೆ. ಪುಸ್ತಕವನ್ನು ಆರಿಸಿದ ಜಾಣತನದ ಕೀರ್ತಿಯೂ ಅವನಿಗೆ ಸೇರುತ್ತದೆ. ಒಂದೇ ಮಾತಿನಲ್ಲಿ ಔದಾರ್ಯವೂ ಸ್ವಾರ್ಥವೂ ಹಾಲು ನೀರಿನಂತೆ ಬೆರೆತಿವೆ. ಬೇರ್ಪಡಿಸಲು ಹಂಸಕ್ಷೀರನ್ಯಾಯ ಕಾವ್ಯದಲ್ಲಿದೆಯೇ ಹೊರತು ಪುಸ್ತಕದ ಅಂಗಡಿಯಲ್ಲಿಲ್ಲ.

ನೈಯಾಯಿಕರ ಒಂದು ವಿಚಾರ ಈ ತೊಡಕಿನಲ್ಲಿ ನೆರವಾಗುತ್ತದೆ. ಇನ್ನೊಬ್ಬರ ಮಾತನ್ನು ಯಾವಾಗ ಪ್ರಮಾಣವೆಂದು ಒಪ್ಪಬೇಕು? ಆಪ್ತನ ಮಾತಾದರೆ ಒಪ್ಪಬೇಕು. ಆಪ್ತನೆಂದರೆ ಯಾರು? ವಸ್ತುವನ್ನು ತಾನೇ ಕಂಡರಿತವನು, ಕಂಡದ್ದನ್ನು ಕಂಡಂತೆ ತಿಳಿಸಬೇಕೆಂಬ ಬಯಕೆಯಿಂದ ಮಾತನಾಡುವವನು ಎಂದು ನ್ಯಾಯಸೂತ್ರದ ಭಾಷ್ಯಕಾರನಾದ ವಾತ್ಸ್ಯಾಯನನು ಹೇಳುತ್ತಾನೆ. ಎರಡು ಅಂಗಗಳು: ಅರಿವು, ಮತ್ತು ಅರಿವನ್ನು ಹಾಗೆಯೇ ಒಪ್ಪಿಸುವ ಇಚ್ಛೆ. ಪ್ರಕಾಶಕನಿಗೆ ಮೊದಲನೆಯದು ಉಂಟು. ಕರಡಚ್ಚು ತಿದ್ದುವಾಗಲಾದರೂ ಪುಸ್ತಕವನ್ನು ಓದಿರುತ್ತಾನೆ ಎಂದು ನಂಬೋಣ. ಎರಡನೆಯದರಲ್ಲಿಯೇ ಸಂಶಯ. ಅವನ ಇಚ್ಛೆ ತಿಳಿಸುವುದೋ, ಮಾರುವುದೋ? ಆಪ್ತನ ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಒಂದೇ ಎಂದು ಅದೇ ಭಾಷ್ಯಕಾರನು ಉದಾರವಾಗಿ ಹೇಳಿಬಿಟ್ಟಿರುವುದರಿಂದ, ಪ್ರಶ್ನೆಯನ್ನು ಪರೀಕ್ಷಿಸಲು ದೂರದ ದೇಶದ ಒಂದು ನಿದರ್ಶನವನ್ನು ತೆಗೆದುಕೊಳ್ಳಲು ಅಡ್ಡಿಯಿಲ್ಲ. ಹತ್ತಿರದ ನಿದರ್ಶನಗಳು ಆಮೇಲೆ ಬರಲಿ.

ಲಂಡನ್ನಿನ ಹೊರವಲಯದ ರಿಚ್ಮಂಡಿನಲ್ಲಿ ಲೆನರ್ಡ್ ವುಲ್ಫ್, ವರ್ಜೀನಿಯಾ ವುಲ್ಫ್ ಎಂಬ ದಂಪತಿಗಳಿದ್ದರು. ಗಂಡ ಸಿಂಹಳದಲ್ಲಿ ಸರ್ಕಾರದ ಅಧಿಕಾರಿಯಾಗಿದ್ದು ಕೆಲಸ ಬಿಟ್ಟು ಬಂದವರು. ಹೆಂಡತಿ ಮುಂದೆ ಇಂಗ್ಲಿಷ್ ಕಾದಂಬರಿಯ ದಾರಿಯನ್ನೇ ತಿರುಗಿಸಿದವರು. ಆಕೆಯ ಮನಸ್ಸು ಮೇಲಿಂದಮೇಲೆ ಕದಡಿ ಕಾಯಿಲೆ ಬೀಳುತ್ತಿದ್ದುದರಿಂದ, ಕೈಗೆ ಕೆಲಸ ಕೊಡುವ ಏನಾದರೂ ಇದ್ದರೆ ಒಳ್ಳೆಯದೆಂದು ಗಂಡನಿಗೆ ತೋರಿತು. ೧೯೧೭ರಲ್ಲಿ ೧೯ ಪೌಂಡು ಚಿಲ್ಲರೆ ಕೊಟ್ಟು ಒಂದು ಸಣ್ಣ ಕೈ ಅಚ್ಚುಯಂತ್ರವನ್ನೂ ಅಚ್ಚುಮೊಳೆಗಳನ್ನೂ ಕೊಂಡು ತಂದು ಊಟದ ಮನೆಯ ಮೇಜಿನ ಮೇಲೆ ಇಟ್ಟರು. ಅಚ್ಚಿನ ವಿದ್ಯೆಯನ್ನು ಕಲಿಸುವ ಶಾಲೆಯಲ್ಲಿ ಇಂಥವರಿಗೆ ಪ್ರವೇಶವಿರಲಿಲ್ಲ. ಯಂತ್ರದ ಸಂಗಡ ಬಂದ ಸಣ್ಣ ಪುಸ್ತಿಕೆಯನ್ನು ನೋಡಿಕೊಂಡೇ ಕಲಿತರು. ಮನೆಯ ಹೆಸರು ಹೋಗರ್ತ್ ಹೌಸ್. ಆದ್ದರಿಂದ ಮುದ್ರಣಾಲಯಕ್ಕೂ ಹೋಗರ್ತ್ ಪ್ರೆಸ್ ಎಂದೇ ಹೆಸರಾಯಿತು.

ಮೊದಲ ಪುಸ್ತಕದಲ್ಲಿ ಗಂಡನದೊಂದು ಹೆಂಡತಿಯದೊಂದು, ಎರಡೇ ಕಥೆ. ಡೋರಾ ಕ್ಯಾರಿಂಗ್ಟನ್ ಎಂಬ ಕಲಾವಿದೆ ಮರದಲ್ಲಿ ಕೊರೆದುಕೊಟ್ಟ ಚಿತ್ರಗಳು ಅದರಲ್ಲಿದ್ದುವು. ಅಚ್ಚಾದ ಪ್ರತಿ ೧೫೦. ಕರ್ಣಪರ್ವದ ಕೃಷ್ಣನು ಇದನ್ನು ನೋಡಿದ್ದರೆ ಏನೆನ್ನುತ್ತಿದ್ದನೋ! ಬರೆದವರೇ ಅಚ್ಚುಹಾಕಿದವರು, ಅಚ್ಚುಹಾಕಿದವರೇ ಮಾರಿದವರು. ಆತ್ಮಪ್ರಶಂಸೆಗೆ ಇದಕ್ಕಿಂತ ಇಕ್ಕಟ್ಟಾದ ಅವಕಾಶ ಬೇರೆಲ್ಲಿ ಸಿಕ್ಕೀತು? ಆದರೆ ಈ ಪುಸ್ತಕದ ವಿಷಯದಲ್ಲಿ ಅವರು ಆಡಿದ ಮಾತಿಗಿಂತ ಮಾಡಿದ ಕೆಲಸವೇ ಹೆಚ್ಚು. ಒಂದೊಂದು ಮೊಳೆಯನ್ನೂ ವರ್ಜೀನಿಯಾ ಕೈಯಲ್ಲಿ ಜೋಡಿಸಿದರು. ಲೆನರ್ಡ್ ಯಂತ್ರ ಒತ್ತಿದರು. ಮರುವರ್ಷ ಕ್ಯಾಥರೀನ್ ಮ್ಯಾನ್ಸ್‌ಫೀಲ್ಡಳ ನೀಳ್ಗತೆಯೊಂದನ್ನು ೩೦೦ ಪ್ರತಿ ತೆಗೆಯಲು ತಿಂಗಳುಗಳೇ ಹಿಡಿದುವು. ೧೯೨೩ರಲ್ಲಿ ಟಿ. ಎಸ್. ಎಲಿಯಟ್ಟನ ‘ದಿ ವೇಸ್ಟ್ ಲ್ಯಾಂಡ್’ ಕಾವ್ಯದ ಮೊದಲ ಇಂಗ್ಲೆಂಡಿನ ಮುದ್ರಣ, ಸುಮಾರು ೪೬೦ ಪ್ರತಿ, ಅದೂ ಕೈಜೋಡಣೆಯೇ. ಇನ್ನೊಬ್ಬರ ಮಾತನ್ನು ಅಕ್ಷರ ಅಕ್ಷರವಾಗಿ ಬೆರಳಿನಲ್ಲಿ ಎತ್ತಿಡುವವನಿಗೆ, ಅದು ಹೊಗಳತಕ್ಕದ್ದೋ ಅಲ್ಲವೋ ಎಂಬುದು ನಾಲಗೆಗಿಂತ ಮೊದಲು ಬೆನ್ನಿಗೆ ತಿಳಿಯುತ್ತದೆ.

೧೯೧೯ರಲ್ಲಿ ನಡೆದ ಒಂದು ಸಂಗತಿ ಬಹಳ ಬೆಲೆಯುಳ್ಳದ್ದು. ವರ್ಜೀನಿಯಾ ಬರೆದ ‘ಕ್ಯೂ ಗಾರ್ಡನ್ಸ್’ ಎಂಬ ಸಣ್ಣ ಕಥೆಗೆ ಆಕೆಯ ಅಕ್ಕ ವನೆಸ್ಸಾ ಬೆಲ್ ಚಿತ್ರ ಕೊರೆದುಕೊಟ್ಟಳು. ೧೫೦ ಪ್ರತಿ ಅಚ್ಚಾಯಿತು. ಕೊಳ್ಳುವವರು ಹೆಚ್ಚಾಗಿ ಬರಲಿಲ್ಲ. ದಂಪತಿಗಳು ಕೆಲವು ದಿನ ಹಳ್ಳಿಯ ಮನೆಗೆ ಹೋಗಿದ್ದರು. ಅಷ್ಟರಲ್ಲಿ ‘ಟೈಮ್ಸ್ ಲಿಟರರಿ ಸಪ್ಲಿಮೆಂಟ್’ ಪತ್ರಿಕೆಯಲ್ಲಿ ಹೆಸರಿಲ್ಲದ ವಿಮರ್ಶಕರೊಬ್ಬರು ಅದನ್ನು ಮೆಚ್ಚಿ ಬರೆದರು. ತಿರುಗಿ ಬಂದು ಬಾಗಿಲು ತೆರೆದರೆ, ಒಳಗೆ ನೆಲದ ತುಂಬ ಪುಸ್ತಕ ಬೇಕೆಂಬ ಕಾಗದಗಳು! ಎರಡನೆಯ ಮುದ್ರಣವನ್ನು ಹೊರಗಿನ ಮುದ್ರಕನಿಗೆ ಕೊಡಬೇಕಾಯಿತು. ಮಾರಾಟ ಮಾಡಿಸಿದ್ದು ಪ್ರಕಾಶಕರ ಹೊಗಳಿಕೆಯಲ್ಲ, ಲಾಭವಿಲ್ಲದ ಮೂರನೆಯವನ ಮಾತು. ಹೆಣ್ಣಿನ ಕಡೆಯವರ ನಂಟನು ಇಲ್ಲಿ ಸಿಕ್ಕಿದ. ಇನ್ನೂ ಒಂದು ಸೊಗಸೆಂದರೆ, ಇಷ್ಟೆಲ್ಲ ಆದಮೇಲೆ ಚಿತ್ರ ಬರೆದ ಅಕ್ಕ ಸಂತೋಷಪಡಲಿಲ್ಲ. ಅಚ್ಚು ಸರಿಯಾಗಿ ಬಂದಿಲ್ಲ, ಹೀಗಾದರೆ ಇನ್ನು ಚಿತ್ರ ಕೊಡುವುದಿಲ್ಲ ಎಂದು ತಂಗಿಯೊಡನೆ ಜಗಳವಾಡಿದಳು. ಅಂಥ ಒಬ್ಬ ಅಕ್ಕ ಪ್ರತಿಯೊಂದು ಗ್ರಂಥಮಾಲೆಗೂ ಇರುವುದು ಕ್ಷೇಮ.

ಜಗಳವಾಡಿದವಳೇ ಮುಂದೆ ಆ ಪ್ರಕಟನೆಗಳಿಗೆ ಮುಖಪುಟ ಬರೆಯುವವಳಾದಳು. ೧೯೨೨ರಲ್ಲಿ ‘ಜೇಕಬ್ಸ್ ರೂಮ್’ ಕಾದಂಬರಿ ಹೊರಬಂದಿತು. ಅದರ ಹೊದಿಕೆಯ ಮೇಲೆ ಒಂದು ಕಿಟಕಿ, ಇಳಿಬಿಟ್ಟ ತೆರೆ, ಮೇಜಿನ ಮೇಲೆ ಹೂವಿನ ಬಟ್ಟಲು, ಇಷ್ಟೆ. ಪುಸ್ತಕದ ವ್ಯಾಪಾರಿಗಳು ನಕ್ಕರು. ಚಿತ್ರದಲ್ಲಿ ನಾಯಕನಿಲ್ಲ, ಅವನ ಕೋಣೆಯಿಲ್ಲ, ಕಣ್ಸೆಳೆಯುವ ಹೆಂಗಸಂತೂ ಇಲ್ಲವೇ ಇಲ್ಲ. ಇದನ್ನು ಯಾರು ಕೊಳ್ಳುತ್ತಾರೆ? ವ್ಯಾಪಾರಿಯ ದೃಷ್ಟಿಯಲ್ಲಿ ಈ ಆಕ್ಷೇಪ ನ್ಯಾಯವೇ. ಆದರೆ ಆ ಕಾದಂಬರಿಯಲ್ಲಿ ನಾಯಕನು ಇದ್ದೂ ಇಲ್ಲದವನು. ಇತರರ ಕಣ್ಣಿಗೆ ಬಿದ್ದ ಚೂರುಗಳಲ್ಲಿ ಅವನು ಸುಳಿಯುತ್ತಾನೆ; ಕೊನೆಗೆ ಯುದ್ಧದಲ್ಲಿ ಸತ್ತು, ಬರಿದಾದ ಕೋಣೆಯೊಂದು ಉಳಿಯುತ್ತದೆ. ಮನುಷ್ಯನಿಲ್ಲದ ಆ ಕಿಟಕಿಯ ಚಿತ್ರ ಪುಸ್ತಕದೊಳಗೆ ಇಲ್ಲದ ಯಾವುದನ್ನೂ ಕೊಡುತ್ತೇನೆಂದು ಹೇಳಲಿಲ್ಲ. ಚೆಲುವೆಯನ್ನು ಬರೆದು ಅಂಟಿಸಿದ್ದರೆ ಇನ್ನೂ ನೂರಾರು ಪ್ರತಿ ಹೋಗುತ್ತಿದ್ದುವೇನೋ. ಕೊಂಡವರು ಹತ್ತು ಪುಟ ತಿರುವಿ, ಲೇಖಕಿಯನ್ನೇ ಮೋಸಗಾತಿಯೆಂದು ಬಯ್ಯುತ್ತಿದ್ದರು.

ಮುಖಪುಟವೂ ಒಂದು ಮಾತೇ ಎಂಬುದು ಇದರಿಂದ ಕಾಣುತ್ತದೆ, ಅದಕ್ಕೂ ಸತ್ಯಾಸತ್ಯಗಳುಂಟು. ಕಥೆಯಲ್ಲಿರುವುದನ್ನೇ ಪಡಿಯಚ್ಚಾಗಿ ಬರೆಯಬೇಕೆಂದು ಇದರ ಅರ್ಥವಲ್ಲ. ವನೆಸ್ಸಾ ಬೆಲ್ ಎಷ್ಟೋ ಸಲ ಪುಸ್ತಕವನ್ನು ಪೂರ್ತಿ ಓದದೆ, ತಂಗಿ ಹೇಳಿದ್ದನ್ನು ಕೇಳಿಯೇ ಬರೆಯುತ್ತಿದ್ದಳೆಂದು ಹೇಳುವುದುಂಟು. ಅಷ್ಟಾದರೂ ಅವಳ ಚಿತ್ರ ಪುಸ್ತಕದ ಶ್ರುತಿಗೆ ಶ್ರುತಿ ಸೇರಿಸುತ್ತಿತ್ತು. ಸಂಗೀತಗಾರನು ಹಾಡುವ ಮೊದಲು ತಂಬೂರಿ ಮಿಡಿಯುವುದಿಲ್ಲವೆ? ಅದು ರಾಗವನ್ನು ಹೇಳುವುದಿಲ್ಲ, ಆಧಾರವನ್ನು ಹೇಳುತ್ತದೆ. ತಪ್ಪು ಶ್ರುತಿಗಿಟ್ಟ ತಂಬೂರಿ ಮಾತ್ರ ಕಚೇರಿಯನ್ನೇ ಕೆಡಿಸುತ್ತದೆ. ಇದೇ ಮನೆತನದವರು ೧೯೨೮ರಲ್ಲಿ ಒಂದು ವಿನೋದ ಮಾಡಿ ಪೇಚಿಗೆ ಸಿಕ್ಕಿದರು. ‘ಒರ್ಲ್ಯಾಂಡೊ’ ಎಂಬ ಕಲ್ಪಿತ ಕಥೆಯ ಮೇಲೆ ‘ಒಂದು ಜೀವನಚರಿತ್ರೆ’ ಎಂದು ಅಚ್ಚುಹಾಕಿದರು. ವ್ಯಾಪಾರಿಗಳು ಅದನ್ನು ನಂಬಿ, ಜೀವನಚರಿತ್ರೆಗಳ ಸಾಲಿನಲ್ಲಿ ಇಡತಕ್ಕದ್ದೆಂದು ಹೇಳಿ ಸ್ವಲ್ಪವೇ ಪ್ರತಿ ತರಿಸಿದರು. ಲೇಖಕಿಗೆ ತನ್ನ ಹಾಸ್ಯಕ್ಕೆ ಬೆಲೆ ತೆರಬೇಕಾಯಿತಲ್ಲ ಎಂಬ ಚಿಂತೆ ಹತ್ತಿತು. ಕೊನೆಗೆ ಆರು ತಿಂಗಳಲ್ಲಿ ಎಂಟು ಸಾವಿರಕ್ಕೂ ಮೇಲೆ ಮಾರಿತೆನ್ನುವುದು ಬೇರೆ ಮಾತು. ಹೊದಿಕೆಯ ಒಂದು ಶಬ್ದವನ್ನು ಜನ ಎಷ್ಟು ಮನಃಪೂರ್ವಕವಾಗಿ ನಂಬುತ್ತಾರೆಂಬುದು ಇಲ್ಲಿ ಗಮನಿಸಬೇಕಾದದ್ದು.

ಹಾಗಾದರೆ ಪ್ರಕಾಶಕನ ಹೊಗಳಿಕೆ ಪ್ರಾಮಾಣಿಕವಾಗುವುದು ಯಾವಾಗ? ತಾನು ಕಳೆದುಕೊಳ್ಳಬಹುದಾದ ಏನನ್ನಾದರೂ ಅದರ ಹಿಂದೆ ಇಟ್ಟಾಗ ಎಂದು ತೋರುತ್ತದೆ. ವ್ಯಾಪಾರಿಗಳು ನಗುತ್ತಿದ್ದರೂ ಅದೇ ಕಲಾವಿದೆಯಿಂದ ವರ್ಷವರ್ಷವೂ ಮುಖಪುಟ ಬರೆಸಿದ್ದು ಒಂದು ಪಣ. ೧೯೪೦ರಲ್ಲಿ, ಯುದ್ಧದ ನಡುವೆ, ಅಹ್ಮದ್ ಅಲಿಯವರ ‘ಟ್ವೈಲೈಟ್ ಇನ್ ಡೆಲ್ಲಿ’ ಕಾದಂಬರಿಯನ್ನು ಹೊರತಂದದ್ದು ಇನ್ನೊಂದು. ಬ್ರಿಟಿಷರ ಕೈಯಲ್ಲಿ ಹಾಳಾದ ದಿಲ್ಲಿಯ ಹಳೆಯ ಮನೆತನಗಳ ಕಥೆ ಅದು. ಅದರ ಕೆಲವು ಭಾಗಗಳನ್ನು ಅಚ್ಚುಹಾಕಲು ಮುದ್ರಕರೇ ಹಿಂಜರಿದಿದ್ದರು. ಆ ಪುಸ್ತಕವನ್ನು ಒಳ್ಳೆಯದೆಂದು ಪ್ರಕಾಶಕರು ಹೇಳಿದ್ದರೆ ಆ ಮಾತಿಗೆ ತೂಕವಿರುತ್ತಿತ್ತು. ಮಾತಾಡದಿದ್ದರೂ ತೂಕವಿತ್ತು.

ಇಲ್ಲಿ ಒಂದು ಶಂಕೆ. ಜೂಜುಗಾರನೂ ಪಣವಿಡುತ್ತಾನೆ, ಪಣವಿಟ್ಟ ಮಾತ್ರದಿಂದ ಅವನ ಮಾತು ನಿಜವಾಗುವುದೆ? ಆಗುವುದಿಲ್ಲ. ಪಣದಿಂದ ತಿಳಿಯುವುದು ಮಾತಾಡಿದವನ ನಂಬಿಕೆಯೇ ಹೊರತು ವಸ್ತುವಿನ ಗುಣವಲ್ಲ. ವುಲ್ಫ್ ದಂಪತಿಗಳು ನಂಬಿ ಹೊರತಂದ ಎಷ್ಟೋ ಪುಸ್ತಕಗಳ ಹೆಸರನ್ನು ಈಗ ಯಾರೂ ಎತ್ತುವುದಿಲ್ಲ. ೧೯೧೮ರಲ್ಲಿ ತಮ್ಮ ಬಾಗಿಲಿಗೇ ಬಂದ ಜೇಮ್ಸ್ ಜಾಯ್ಸನ ‘ಯುಲಿಸಿಸ್’ ಹಸ್ತಪ್ರತಿಯನ್ನು ಅವರು ಹಿಂದಕ್ಕೆ ಕಳುಹಿಸಿದರು. ಅಷ್ಟು ದೊಡ್ಡದನ್ನು ತಮ್ಮ ಪುಟ್ಟ ಯಂತ್ರ ತಾಳದೆಂಬುದು ನಿಜ. ಹೊರಗಿನ ಮುದ್ರಕರು ಕಾನೂನಿಗೆ ಹೆದರಿದರೆಂಬುದೂ ನಿಜ. ವರ್ಜೀನಿಯಾಗೆ ಅದು ರುಚಿಸಲಿಲ್ಲವೆಂಬುದೂ ನಿಜ. ಹೀಗೆ ತಪ್ಪಬಹುದಾದವನು ಎಂದು ಗೊತ್ತಿರುವುದರಿಂದಲೇ ಪ್ರಕಾಶಕನು ತಾರತಮ್ಯ ಹೇಳುವ ಅಧಿಕಾರವನ್ನು ಬಿಟ್ಟುಕೊಡಬೇಕು. ಈ ಪುಸ್ತಕ ಇಂಥದ್ದು, ಇಂಥ ಜನರ ಬಾಳನ್ನು ಹೇಳುತ್ತದೆ, ಇದರಲ್ಲಿ ನಮಗೆ ಹಿಡಿಸಿದ್ದು ಇದು ಎಂದು ಅವನು ಹೇಳಬಹುದು; ಅದು ಅವನು ಕಂಡದ್ದು. ಇದು ಎಲ್ಲಕ್ಕಿಂತ ದೊಡ್ಡದು ಎನ್ನುವುದು ಅವನು ಕಂಡದ್ದಲ್ಲ, ಕಾಲವು ಕಾಣಬೇಕಾದದ್ದು.

ಮೀಮಾಂಸಕರು ವೇದದಲ್ಲಿ ಬರುವ ಹೊಗಳಿಕೆಯ ಮಾತುಗಳಿಗೆ ಅರ್ಥವಾದವೆಂದು ಹೆಸರಿಟ್ಟರು. ಅವು ತಮ್ಮಷ್ಟಕ್ಕೆ ಪ್ರಮಾಣವಲ್ಲ; ಒಂದು ವಿಧಿವಾಕ್ಯದೊಡನೆ ಸೇರಿ, ಆ ಕೆಲಸದಲ್ಲಿ ಮನುಷ್ಯನಿಗೆ ಮನಸ್ಸು ಬರುವಂತೆ ಮಾಡುವುದಷ್ಟೇ ಅವುಗಳ ಪ್ರಯೋಜನ. ಪ್ರಕಾಶಕನ ಹೊಗಳಿಕೆಯನ್ನು ಅರ್ಥವಾದವೆಂದು ಒಪ್ಪಿದರೆ ಬಹಳ ಜಗಳ ಮುಗಿಯುತ್ತದೆ. ಆದರೆ ಅದು ಸೇರಿಕೊಂಡಿರುವ ವಿಧಿ ಯಾವುದು? ‘ಓದಿರಿ’ ಎಂಬುದೋ, ‘ಕೊಳ್ಳಿರಿ’ ಎಂಬುದೋ? ಎರಡೂ ಒಂದೇ ಎಂದು ಪ್ರಕಾಶಕನು ಹೇಳಿಯಾನು. ಸಾಲ ತಂದು ಓದಿದವನನ್ನು ಅವನು ಎಷ್ಟು ಆದರಿಸುತ್ತಾನೆಂಬುದನ್ನು ನೋಡಿದರೆ ಗೊತ್ತಾಗುತ್ತದೆ.

ಇಷ್ಟು ಹೇಳಿದ ಮಾತ್ರಕ್ಕೆ ಪ್ರಕಾಶಕನು ಬಾಯಿ ಮುಚ್ಚಿಕೊಂಡಿರಬೇಕೆಂದು ತಿಳಿಯಬಾರದು. ಲಂಡನ್ನಿನ ಕಥೆಯಿಂದ ಹಾಗೆ ತೋರಿದರೆ ಅದು ಕನ್ನಡನಾಡಿಗೆ ಅನ್ವಯಿಸದು. ಅಲ್ಲಿ ವಾರವಾರವೂ ವಿಮರ್ಶೆ ಬರೆಯುವ ಪತ್ರಿಕೆಗಳಿದ್ದುವು. ಇಲ್ಲಿ ಹೊಸ ಲೇಖಕನ ಪುಸ್ತಕಕ್ಕೆ ಒಂದು ವಿಮರ್ಶೆ ಬರುವುದೂ ಭಾಗ್ಯ. ಹೊಗಳದೆ ಇದ್ದರೆ ಪುಸ್ತಕವು ಬಂದದ್ದೇ ತಿಳಿಯದೆ, ಕಟ್ಟು ಬಿಚ್ಚದ ಪ್ರತಿಗಳು ಮಹಡಿ ಮೆಟ್ಟಿಲ ಕೆಳಗೆ ಗೆದ್ದಲಿಗೆ ಆಹಾರವಾಗುತ್ತವೆ. ಮೌನವೂ ಒಂದು ಬಗೆಯ ಕೊಲೆಯೇ. ಪೊನ್ನನ ಶಾಂತಿಪುರಾಣದ ಸಾವಿರ ಓಲೆಯ ಪ್ರತಿಗಳನ್ನು ಮಾಡಿಸಿ ಹಂಚಿದಳೆಂದು ಹೆಸರಾದ ಅತ್ತಿಮಬ್ಬೆಯನ್ನು ಕನ್ನಡದ ಮೊದಲ ಪ್ರಕಾಶಕಿಯೆಂದರೆ ತಪ್ಪಾಗದು. ಆಕೆ ಮಾರಲಿಲ್ಲ, ದಾನ ಮಾಡಿದಳು. ದಾನವು ಹೊಗಳಿಕೆಯ ಶುದ್ಧವಾದ ರೂಪ. ಆದರೆ ದಂಡನಾಯಕನ ಮನೆಯ ಸಂಪತ್ತು ಎಲ್ಲರಿಗೂ ಎಲ್ಲಿಂದ ಬರಬೇಕು?

ಕಾಸಿಲ್ಲದವರ ದಾರಿಯನ್ನು ಗಳಗನಾಥರು ತೋರಿಸಿದರು. ತಮ್ಮ ಕಾದಂಬರಿಗಳ ಗಂಟನ್ನು ತಾವೇ ಹೊತ್ತುಕೊಂಡು ಊರೂರು ತಿರುಗಿ ಮಾರಿದರೆಂಬುದು ಕನ್ನಡಿಗರು ಇನ್ನೂ ಮರೆಯದ ಮಾತು. ತನ್ನ ಪುಸ್ತಕವನ್ನು ತಾನೇ ಮನೆಬಾಗಿಲಿಗೆ ತಂದವನು ಹೇಗೆ ತಾನೆ ಸುಮ್ಮನಿದ್ದಾನು? ಎರಡು ಒಳ್ಳೆಯ ಮಾತು ಹೇಳಿಯೇ ಹೇಳಿರಬೇಕು. ಆದರೂ ಅದನ್ನು ಆತ್ಮಪ್ರಶಂಸೆಯೆಂದು ಯಾರೂ ಹಳಿಯಲಿಲ್ಲ. ಬಿಸಿಲಿನಲ್ಲಿ ಗಂಟು ಹೊತ್ತ ಹೆಗಲು ಆ ಮಾತಿಗೆ ಜಾಮೀನಾಗಿ ನಿಂತಿತ್ತು. ಅದೇ ಪುಸ್ತಕದೊಡನೆ ಮುಂದಿನ ವರ್ಷವೂ ಅದೇ ಊರಿಗೆ ಬರಬೇಕಾದವನು ಹೆಚ್ಚಾಗಿ ಸುಳ್ಳು ಹೇಳಲಾರ.

ಧಾರವಾಡದಲ್ಲಿ ಜಿ. ಬಿ. ಜೋಶಿಯವರು ೧೯೩೩ರಲ್ಲಿ ಹುಟ್ಟುಹಾಕಿದ ಮನೋಹರ ಗ್ರಂಥಮಾಲೆಯ ಪದ್ಧತಿ ಇನ್ನೂ ವಿಚಾರಕ್ಕೆ ಯೋಗ್ಯವಾದದ್ದು. ಓದುಗರು ಚಂದಾ ಕಟ್ಟಿ ಮಾಲೆಗೆ ಸದಸ್ಯರಾಗುತ್ತಾರೆ. ಮಾಲೆಯವರು ಆರಿಸಿದ ಪುಸ್ತಕಗಳು ಅವರ ಮನೆಗೆ ಬರುತ್ತವೆ. ಎಂದರೆ, ಮುಖಪುಟವನ್ನು ನೋಡುವ ಮೊದಲೇ, ಹೊಗಳಿಕೆಯ ಒಂದು ಸಾಲನ್ನೂ ಓದುವ ಮೊದಲೇ ಓದುಗನು ಹಣ ಕೊಟ್ಟಿದ್ದಾನೆ. ಅವನು ಕೊಂಡದ್ದು ಪುಸ್ತಕವನ್ನಲ್ಲ, ಆರಿಸುವವನ ವಿವೇಕವನ್ನು. ಇಲ್ಲಿ ಹೊಗಳಿಕೆಗೆ ಕೆಲಸವೇ ಕಡಮೆ. ಹೊಣೆ ಮಾತ್ರ ಇಮ್ಮಡಿ. ೧೯೬೧ರಲ್ಲಿ ಗಿರೀಶ ಕಾರ್ನಾಡರೆಂಬ ಇಪ್ಪತ್ತಮೂರು ವರ್ಷದ ತರುಣರ ‘ಯಯಾತಿ’ ಎಂಬ ನಾಟಕ ಆ ಮನೆಗಳಿಗೆ ಹೋಯಿತು. ೧೯೬೫ರಲ್ಲಿ ಅನಂತಮೂರ್ತಿಯವರ ‘ಸಂಸ್ಕಾರ’ ಹೋಯಿತು. ಆಚಾರವಂತರ ಮನೆಯೊಂದರಲ್ಲಿ ಆ ಕಟ್ಟನ್ನು ಬಿಚ್ಚಿದ ಸಾಯಂಕಾಲವನ್ನು ಯಾರಾದರೂ ಊಹಿಸಿಕೊಳ್ಳಲಿ. ಸದಸ್ಯರು ಮುನಿದು ಚಂದಾ ನಿಲ್ಲಿಸಿದರೆ ಮಾಲೆ ನಿಂತುಹೋಗುವುದೆಂಬುದು ಅದನ್ನು ಆರಿಸಿದವರಿಗೆ ತಿಳಿಯದೆ ಇರಲಿಲ್ಲ. ಹಿಂಬದಿಯಲ್ಲಿ ಏನು ಅಚ್ಚಾಗಿದ್ದರೇನು, ಈ ಆಯ್ಕೆಗಿಂತ ದೊಡ್ಡ ಹೊಗಳಿಕೆಯನ್ನು ಯಾವ ಲೇಖಕನೂ ಬಯಸಲಾರ.

ಲೇಖಕನ ಮಾತು ಬಂದುದರಿಂದ, ಈ ವಿಷಯದಲ್ಲಿ ಹೆಚ್ಚು ಪೆಟ್ಟು ತಿನ್ನುವವನು ಅವನೇ ಎಂಬುದನ್ನೂ ಹೇಳಬೇಕು. ಓದುಗನಿಗೆ ಹೋಗುವುದು ಮುನ್ನೂರು ರೂಪಾಯಿ, ಒಂದು ಭಾನುವಾರ. ಮೊದಲ ಕಾದಂಬರಿ ಬರೆದ ತರುಣಿಯೊಬ್ಬಳನ್ನು ವೇದಿಕೆಯ ಮೇಲೆ ಕೂರಿಸಿ, ಈಕೆ ಕನ್ನಡದ ಕಾದಂಬರಿಯನ್ನು ಹೊಸದಾಗಿ ಕಟ್ಟಿದ್ದಾಳೆ ಎಂದರೆ ಅವಳಿಗೆ ಆಗುವುದೇನು? ಅವಳು ಜಾಣೆಯಾದರೆ ನಾಚಿಕೊಳ್ಳುತ್ತಾಳೆ. ಆ ನಾಚಿಕೆಯಲ್ಲಿ, ತನ್ನ ಪುಸ್ತಕದಲ್ಲಿ ನಿಜವಾಗಿ ಚೆನ್ನಾಗಿದ್ದ ಎರಡು ಅಧ್ಯಾಯಗಳನ್ನು ಇವರು ಕಂಡರೋ ಇಲ್ಲವೋ ಎಂಬುದು ಅವಳಿಗೆ ತಿಳಿಯುವುದಿಲ್ಲ. ನಂಬಿದಳಾದರೆ ಎರಡನೆಯ ಕಾದಂಬರಿಯನ್ನು ತಿದ್ದುವ ಕೈ ಸಡಿಲವಾಗುತ್ತದೆ. ಪಕ್ಕದಲ್ಲಿ ಕುಳಿತ ಇನ್ನಿಬ್ಬರು ಲೇಖಕರಿಗೂ ಅದೇ ಮಾತನ್ನು ಹೇಳಿದ್ದನ್ನು ಕೇಳಿ ಮೂವರೂ ಮನೆಗೆ ಹೋಗುತ್ತಾರೆ. ಎಲ್ಲರಿಗೂ ಸಮನಾಗಿ ಹಂಚಿದ ಹೊಗಳಿಕೆ ಮದುವೆಯ ಮನೆಯ ತಾಂಬೂಲದಂತೆ. ತೆಗೆದುಕೊಳ್ಳದಿದ್ದರೆ ತಪ್ಪು, ತೆಗೆದುಕೊಂಡರೆ ವಿಶೇಷವೇನೂ ಇಲ್ಲ.

ಪ್ರಕಾಶಕನ ಮನಸ್ಸನ್ನು ಅಳೆಯಬೇಕಾದರೆ ಬಿಡುಗಡೆಯ ದಿನದ ಭಾಷಣವನ್ನು ಬಿಟ್ಟು, ಹತ್ತು ವರ್ಷದ ಮೇಲಿನ ಅವನ ಪುಸ್ತಕಪಟ್ಟಿಯನ್ನು ನೋಡಬೇಕು. ಮಾರಾಟವಾಗದೆ ಉಳಿದ ಕಾದಂಬರಿಯ ಹೆಸರು ಅದರಲ್ಲಿ ಇನ್ನೂ ಇದೆಯೆ? ಅಂದು ಅಪೂರ್ವವೆಂದದ್ದನ್ನು ಇಂದು ತೂಕಕ್ಕೆ ಹಾಕಿದ್ದಾನೆಯೆ? ನಷ್ಟವಾದರೂ ಪಟ್ಟಿಯಿಂದ ಹೆಸರನ್ನು ಅಳಿಸದೆ, ಕೇಳಿ ಬಂದ ಒಬ್ಬನಿಗೆ ಅಟ್ಟವನ್ನು ಹುಡುಕಿ ಧೂಳು ಕೊಡವಿ ಪ್ರತಿಯನ್ನು ತಂದುಕೊಡುವ ಪ್ರಕಾಶಕರು ಕನ್ನಡದಲ್ಲಿ ಇದ್ದರು, ಈಗಲೂ ಅಲ್ಲಲ್ಲಿ ಇದ್ದಾರೆ. ಅಂಥವರು ವೇದಿಕೆಯ ಮೇಲೆ ಸ್ವಲ್ಪ ಹೆಚ್ಚು ಮಾತಾಡಿದರೂ ಸಭೆ ಸಹಿಸಿಕೊಳ್ಳಬಹುದು.

ಮುಖಪುಟದ ಗತಿ ಇನ್ನೊಂದು ಬಗೆಯದು. ಸಾರ್ವಜನಿಕ ಪುಸ್ತಕಾಲಯಕ್ಕೆ ಹೋದ ಪುಸ್ತಕ ನಾಲ್ಕಾರು ವರ್ಷಕ್ಕೆ ಹರಿಯುತ್ತದೆ. ಆಗ ಅದನ್ನು ಕಟ್ಟಲು ಕೊಡುತ್ತಾರೆ. ಕಟ್ಟುವವನು ಹರಿದ ಹೊದಿಕೆಯನ್ನು ಕಿತ್ತು, ದಪ್ಪ ರಟ್ಟು ಹಾಕಿ, ಬೆನ್ನಿನ ಮೇಲೆ ಹೆಸರು ಬರೆದು ಕಳುಹಿಸುತ್ತಾನೆ. ಚಿತ್ರವೂ ಹೋಯಿತು, ಹಿಂಬದಿಯ ಹೊಗಳಿಕೆಯೂ ಹೋಯಿತು. ಅಲ್ಲಿಂದಾಚೆಗೆ ಆ ಕಾದಂಬರಿಯನ್ನು ಕೈಗೆತ್ತಿಕೊಳ್ಳುವವನು ಕೊನೆಯ ಪುಟಕ್ಕೆ ಅಂಟಿಸಿದ ಚೀಟಿಯಲ್ಲಿ ಎಷ್ಟು ತಾರೀಖುಗಳ ಮುದ್ರೆ ಬಿದ್ದಿದೆಯೆಂದು ನೋಡಿ ತೆಗೆದುಕೊಳ್ಳುತ್ತಾನೆ. ಇದರಲ್ಲಿ ಲೇಖಕನಿಗೆ ನಷ್ಟವಿಲ್ಲ. ಚಿತ್ರ ಬರೆದವನಿಗೆ ಮಾತ್ರ ಅನ್ಯಾಯವಾಗುತ್ತದೆ. ಎಷ್ಟೋ ಕನ್ನಡ ಪುಸ್ತಕಗಳಲ್ಲಿ ಅವನ ಹೆಸರು ಆ ಹೊದಿಕೆಯ ಮೂಲೆಯಲ್ಲಲ್ಲದೆ ಬೇರೆಲ್ಲಿಯೂ ಅಚ್ಚಾಗಿರುವುದಿಲ್ಲ. ಒಳಗಿ‌ನ ಪುಟದಲ್ಲಿ, ಮುದ್ರಕನ ಹೆಸರಿನ ಕೆಳಗೆ, ಅದಕ್ಕೆ ಒಂದು ಸಾಲಿನ ಸ್ಥಳ ಯಾವಾಗಲೂ ಇರುತ್ತದೆ.